ಹತ್ತು ಕೋಟಿ ಪಟ್ಟು ದೊಡ್ಡ ಡಿಎನ್‌ಎ: ಸರಳು ಬಗ್ಗಿಸಿ ಮಾಡಿದ್ದು, ಕೆಡವಿ ಮತ್ತೆ ಮಾಡಿದ್ದು

ನಾನು ತಿಪಟೂರು ಕಡೆಯವನು, ಗೇಟು, ಗ್ರಿಲ್ಲು, ಶೆಡ್ಡು ಇವೇ ನನ್ನ ಕೆಲಸ, ಬಯಾಲಜಿ ಹತ್ತನೇ ಕ್ಲಾಸಿಗೇ ಮುಗೀತು. ಅಕ್ಕ ಸರ್ಕಾರಿ ಹೈಸ್ಕೂಲಲ್ಲಿ ಸೈನ್ಸ್ ಟೀಚರ್. ಜನವರಿಯಲ್ಲಿ ಫೋನ್ ಮಾಡಿ "ಫೆಬ್ರವರಿ 28ಕ್ಕೆ ವಿಜ್ಞಾನ ದಿನ ಕಣೋ, ಮಕ್ಕಳು ಮುಟ್ಟಿ ನೋಡೋ ಹಾಗೆ ಒಂದು ಡಿಎನ್‌ಎ ಮಾಡ್ಕೊಡು, ಥರ್ಮೋಕೋಲ್‌ದು ಬೇಡ, ಅದು ಮಾರ್ಚ್ ಹೊತ್ತಿಗೆ ಮುರಿದು ಅಟ್ಟ ಸೇರುತ್ತೆ" ಅಂದ್ಲು. ಸರಿ ಎರಡು ಸರಳು ತಿರುಚಿ ಏಣಿ ಥರ ಕಡ್ಡಿ ಬೆಸೆದ್ರೆ ಆಯ್ತು, ಎರಡು ದಿನದ ಕೆಲಸ ಅನ್ಕೊಂಡೆ. ಆರು ವಾರ ಹಿಡೀತು. ಹೆಚ್ಚು ಟೈಮ್ ಹೋಗಿದ್ದು ತಪ್ಪು ಮಾಡಿ ಬಿಚ್ಚೋದ್ರಲ್ಲೇ, ಹಾಗಾಗಿ ಮುಂದೆ ಯಾರಾದ್ರೂ ಮಾಡೋರಿಗೆ ಉಪಯೋಗ ಆಗ್ಲಿ ಅಂತ ಅಳತೆ, ಖರ್ಚು, ತಪ್ಪು ಎಲ್ಲಾ ಬರೆದಿಡ್ತಿದೀನಿ.

ಜನವರಿ 18, ಅಳತೆ

ಅಕ್ಕ ಒಂದು ಹಾಳೆಲಿ ನಂಬರ್ ಬರ್ಕೊಟ್ಲು. ಡಿಎನ್‌ಎ ಅಗಲ 20 ಆಂಗ್‌ಸ್ಟ್ರಾಂ, ಒಂದು ಪೂರ್ತಿ ಸುತ್ತಿಗೆ ಎತ್ತರ 34 ಆಂಗ್‌ಸ್ಟ್ರಾಂ, ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ 3.4, ಒಂದು ಸುತ್ತಿಗೆ 10 ಮೆಟ್ಟಿಲು. ಒಂದು ಸೆಂಟಿಮೀಟರನ್ನ ಹತ್ತು ಕೋಟಿ ಭಾಗ ಮಾಡಿದ್ರೆ ಅದ್ರಲ್ಲಿ ಒಂದು ಭಾಗ ಒಂದು ಆಂಗ್‌ಸ್ಟ್ರಾಂ. ನಾನು ಒಂದು ಆಂಗ್‌ಸ್ಟ್ರಾಂಗೆ ಒಂದು ಸೆಂ.ಮೀ. ಅಂತ ಇಟ್ಕೊಂಡೆ, ಲೆಕ್ಕ ಸಲೀಸು. ಅಂದ್ರೆ ಅಗಲ 20 ಸೆಂ.ಮೀ., ಸುತ್ತಿಗೆ 34 ಸೆಂ.ಮೀ., ಐದು ಸುತ್ತಿಗೆ 170 ಸೆಂ.ಮೀ., ಒಬ್ಬ ಮನುಷ್ಯನ ಎತ್ತರ. ಮೊದಲ್ನೇದೂ ಕೊನೇದೂ ಸೇರಿ 51 ಮೆಟ್ಟಿಲು.

ಈ ಅಳತೆಗಳು 1953ರ ಏಪ್ರಿಲ್ 25ಕ್ಕೆ ಈ ರಚನೆ ಕಂಡುಹಿಡಿದ ವಾಟ್ಸನ್, ಕ್ರಿಕ್ ಇಬ್ಬರೂ ಛಾಪಿಸಿದ ಲೇಖನದಲ್ಲೇ ಇದಾವೆ. ದ್ರಾವಣದಲ್ಲಿರೋ ಡಿಎನ್‌ಎಗೆ ಸುತ್ತಿಗೆ ಹತ್ತೂವರೆ ಮೆಟ್ಟಿಲು ಅಂತ ಆಮೇಲೆ ಗೊತ್ತಾಯ್ತಂತೆ, ಆದ್ರೆ ನಾನು 10ಕ್ಕೇ ನಿಂತೆ, ಹತ್ತೂವರೆಗೆ ಮಾರ್ಕ್ ಮಾಡ್ತಾ ಹೋದ್ರೆ ಎಲ್ಲೋ ತಪ್ಪುತ್ತೆ ಅಂತ ಗೊತ್ತಿತ್ತು. ಅವರ ಮಾಡೆಲ್‌ಗೆ ಬೇಕಾದ ತಗಡಿನ ತುಂಡುಗಳನ್ನ ಕೇಂಬ್ರಿಡ್ಜ್ ಲ್ಯಾಬಿನ ವರ್ಕ್‌ಶಾಪಲ್ಲಿ ಕೆಲಸದೋರು ಕತ್ತರಿಸಿ ಕೊಡ್ತಿದ್ರು, ಅದು ಬರೋದು ತಡ ಆಯ್ತು ಅಂತ ವಾಟ್ಸನ್ ರಟ್ಟಲ್ಲೇ ಕತ್ತರಿಸ್ಕೊಂಡು ಜೋಡಿಸಿ ನೋಡಿದ್ದು. ಅಕ್ಷರಗಳ ಜೋಡಿ (ಒಂದೊಂದು ಮೆಟ್ಟಿಲಲ್ಲೂ ಎದುರುಬದುರು ಕೂರೋ ಎ, ಟಿ, ಜಿ, ಸಿ ಅನ್ನೋ ತುಂಡುಗಳು) ಸರಿಯಾಗಿ ಕೂತಿದ್ದು 1953ರ ಫೆಬ್ರವರಿ 28ಕ್ಕೆ. ನಮಗೆ ರಾಮನ್ ಎಫೆಕ್ಟ್ ಲೆಕ್ಕದಲ್ಲಿ ಅದೇ ದಿನ ವಿಜ್ಞಾನ ದಿನ, ನನ್ನ ಕೆಲಸಕ್ಕೂ ಅದೇ ಗಡುವು. ಸುತ್ತು ಇಷ್ಟು, ಮೆಟ್ಟಿಲು ಇಷ್ಟು ಅನ್ನೋದು ಗೊತ್ತಾಗಿದ್ದು ಎಕ್ಸ್‌ರೇ ಫೋಟೋಗಳಿಂದ, ಅದ್ರಲ್ಲಿ ತುಂಬಾ ಸ್ಪಷ್ಟವಾದ ಫೋಟೋ ರೋಸಲಿಂಡ್ ಫ್ರಾಂಕ್ಲಿನ್ ಲ್ಯಾಬಿಂದು, 1952ರದ್ದು. ಟೇಪ್ ಹಿಡಿಯೋಕೆ ಆಗದೇ ಇರೋ ವಸ್ತುವನ್ನ ಇಷ್ಟು ಕರೆಕ್ಟಾಗಿ ಅಳೆದಿದಾರಲ್ಲ ಅಂತ ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಜನವರಿ 25, ಮೊದಲ ಸರಳು, ಅಗಲ ಜಾಸ್ತಿ ಆಯ್ತು

8 ಎಂಎಂ ಎಂಎಸ್ ರೌಂಡ್ ತಂದೆ, ಕಂಬಿ ಅಂಗಡಿಲಿ ಕೊಡೋ ಟಿಎಂಟಿ ಬೇಡ, ಅದು ಗಂಟುಗಂಟು, ಬಗ್ಗಿಸೋಕೆ ಸರಿಬರಲ್ಲ. ಒಂದು ಸುತ್ತಿಗೆ ಎಷ್ಟು ಉದ್ದ ಸರಳು ಬೇಕು ಅನ್ನೋದು ತ್ರಿಕೋನದ ಲೆಕ್ಕ: ಸುತ್ತಳತೆ 62.8, ಎತ್ತರ 34, ಕರ್ಣ 71.4 ಸೆಂ.ಮೀ. ಐದು ಸುತ್ತಿಗೆ 3 ಮೀಟರ್ 57 ಸೆಂ.ಮೀ. ತುದಿ ಹಿಡ್ಕೊಳ್ಳೋಕೆ ಬೇಕಲ್ಲ ಅಂತ 4 ಮೀಟರ್ ಕತ್ತರಿಸಿದೆ.

ಬಗ್ಗಿಸೋಕೆ 200 ಎಂಎಂ ಪಿವಿಸಿ ಪೈಪ್ ತಗೊಂಡು ಒಳಗೆ ಮರಳು ತುಂಬಿ ಎರಡೂ ಕಡೆ ಹಲಗೆ ಹೊಡೆದು ಟ್ರೆಸ್ಟಲ್ ಮೇಲೆ ಕೂರಿಸಿದೆ, ಮರಳಿಲ್ದಿದ್ರೆ ಪೈಪ್ ಚಪ್ಪಟೆ ಆಗುತ್ತೆ. ಸರಳು ಸುತ್ತಿ ಬಿಟ್ಟ ತಕ್ಷಣ ಅದು ಸ್ವಲ್ಪ ಬಿಚ್ಚಿಕೊಳ್ತು. ಅಳೆದ್ರೆ ಸರಳಿನ ಮಧ್ಯದಿಂದ ಮಧ್ಯಕ್ಕೆ 21.7 ಸೆಂ.ಮೀ. ಗೇಟಿಗೆ ಹೂವು ಬಗ್ಗಿಸುವಾಗ ಇದು ದಿನಾ ನೋಡೋದೇ, ಆದ್ರೂ ಪೈಪಿನ ಅಳತೆಗೇ ಬರುತ್ತೆ ಅಂತ ಯಾಕೆ ಅನ್ಕೊಂಡೆ ಗೊತ್ತಿಲ್ಲ. ಸರಳಿನ ದಪ್ಪ 8 ಎಂಎಂ ಸೇರುತ್ತೆ, ಅದ್ರ ಮೇಲೆ ನೂರಕ್ಕೆ ನಾಲ್ಕರಷ್ಟು ವಾಪಸ್ ಬರುತ್ತೆ. ಮೊದಲ ಸರಳು ವೇಸ್ಟ್.

ನಮ್ಮ ತೋಟದ ಬೋರ್‌ವೆಲ್ ಕೇಸಿಂಗ್ ತುಂಡೊಂದು ಬಿದ್ದಿತ್ತು, 180 ಎಂಎಂ. ಅದ್ರ ಮೇಲೆ ಸುತ್ತಿದ್ರೆ 19.6 ಬಂತು. ನಂಗೆ ಸಾಕು. ಬಿಟ್ಟಾಗ ಸುತ್ತೂ ಸ್ವಲ್ಪ ಕಮ್ಮಿ ಆಗುತ್ತೆ, ಐದು ಸುತ್ತಿದ್ರೆ ನಾಲ್ಕೂಮುಕ್ಕಾಲಕ್ಕೆ ಬರುತ್ತೆ, ಹಾಗಾಗಿ ಅರ್ಧ ಸುತ್ತು ಹೆಚ್ಚಿಗೆ ಸುತ್ತಿ ಆಮೇಲೆ ತುದಿ ಕತ್ತರಿಸಬೇಕು.

ಸುತ್ತು ಸಮನಾಗಿ ಬರೋಕೆ ಒಂದು ಉಪಾಯ: ನ್ಯೂಸ್‌ಪೇಪರ್ ಹಾಳೆಗಳನ್ನ ಅಂಟಿಸಿ, ತಳ ಪೈಪಿನ ಸುತ್ತಳತೆಯಷ್ಟು, ಎತ್ತರ 34 ಇರೋ ತ್ರಿಕೋನ ಕತ್ತರಿಸಿ ಪೈಪಿಗೆ ಸುತ್ತಿದ್ರೆ ಅದ್ರ ಓರೆ ಅಂಚೇ ಸರಳಿನ ದಾರಿ. ಅದ್ರ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಪೇಪರ್ ತೆಗೆದುಬಿಡೋದು. ನೆನಪಿಟ್ಕೊಳ್ಳಿ, ನನ್ನ ದೊಡ್ಡ ತಪ್ಪು ಇಲ್ಲೇ ಇದೆ, ಆದ್ರೆ ಅದು ಗೊತ್ತಾಗೋಕೆ ಇನ್ನೂ ಎರಡು ವಾರ ಬೇಕಾಯ್ತು.

ಫೆಬ್ರವರಿ 1, ಎರಡು ಸರಳು ಎದುರುಬದುರು ಇಟ್ಟಿದ್ದು

ಎರಡೂ ಸರಳು ರೆಡಿ ಆಯ್ತು. 45 ಸೆಂ.ಮೀ. ಚೌಕದ 5 ಎಂಎಂ ಪ್ಲೇಟು, ಸ್ಕ್ರಾಪಲ್ಲಿ ತಂದಿದ್ದು, ಎಂಟು ಕೆಜಿ ತೂಕ, ಇದು ಬುಡ. ಅದ್ರ ಮೇಲೆ 20 ಸೆಂ.ಮೀ. ವೃತ್ತ ಬರೆದು ಎರಡು ಸರಳನ್ನ ಸರಿಯಾಗಿ ಎದುರುಬದುರು ನಿಲ್ಲಿಸಿ ಟ್ಯಾಕ್ (ಸದ್ಯಕ್ಕೆ ಹಿಡಿದಿಡೋ ಚಿಕ್ಕ ವೆಲ್ಡ್) ಹಾಕ್ದೆ. ನೋಡೋಕೆ ಚೆನ್ನಾಗೇ ಇತ್ತು, ಟಿವಿಲಿ ಬರೋ ಹಾಗೇ ಕಾಣ್ತಿತ್ತು.

ಸಂಜೆ ಅಕ್ಕ ಬಂದು ನೋಡಿ "ಸಂದು ಎರಡೂ ಒಂದೇ ಸಮ ಇದೆಯಲ್ಲೋ" ಅಂದ್ಲು. ನಿಜವಾದ ಡಿಎನ್‌ಎಗೆ ಎರಡು ಥರ ಸಂದು, ಒಂದು ಅಗಲ ಒಂದು ಕಿರಿದು. ಅಗಲದ್ದು 22, ಕಿರಿದು 12, ಕೂಡಿದ್ರೆ 34, ಒಂದು ಸುತ್ತಿನ ಎತ್ತರ. ನಾನು 17-17 ಮಾಡಿದ್ದೆ. ಇದೇನು ಅಷ್ಟು ಮುಖ್ಯಾನಾ, ಯಾರು ಟೇಪ್ ಹಿಡ್ಕೊಂಡು ಬರ್ತಾರೆ ಅಂದೆ. ಅದಕ್ಕವಳು ಹೇಳಿದ್ದು: ಜೀನ್ ಆನ್ ಆಫ್ ಮಾಡೋ ಪ್ರೋಟೀನುಗಳು ಡಿಎನ್‌ಎ ಬಿಚ್ಚದೇನೇ ಅಕ್ಷರ ಓದಬೇಕು, ಅವು ಹೆಚ್ಚಾಗಿ ಅಗಲವಾದ ಸಂದಿಂದ್ಲೇ ಕೈ ಹಾಕೋದು. ಪ್ರೋಟೀನಿನ ಒಂದು ಸುರುಳಿ ಇರುತ್ತೆ, ಆಲ್ಫಾ ಹೆಲಿಕ್ಸ್ ಅಂತ, ಅದು ಸುಮಾರು 10-12 ಆಂಗ್‌ಸ್ಟ್ರಾಂ ದಪ್ಪ.

ನಮ್ಮ ಲೆಕ್ಕದಲ್ಲಿ 10-12 ಸೆಂ.ಮೀ. ಅಂದ್ರೆ ನಾಲ್ಕಿಂಚು ಡ್ರೈನೇಜ್ ಪೈಪು. ಪಕ್ಕದಲ್ಲೇ ಒಂದು ತುಂಡಿತ್ತು. ಟ್ಯಾಕ್ ಕಿತ್ತು, ಬುಡದ ವೃತ್ತದ ಮೇಲೆ ಎರಡು ಸರಳಿನ ನಡುವೆ ನೇರ ದೂರ 20ರ ಬದಲು 17.9 ಇಟ್ಟೆ, ಕೋನದಲ್ಲಿ ಹೇಳಿದ್ರೆ 127 ಡಿಗ್ರಿ. ಈಗ ಪೈಪ್ ತಂದು ಓರೆಯಾಗಿ ಅಗಲ ಸಂದಿಗೆ ಇಟ್ರೆ ಸಲೀಸಾಗಿ ಒಳಗೆ ಕೂತ್ಕೊಳ್ತು, ಕಿರಿದು ಸಂದಿಗೆ ಹಿಡಿದ್ರೆ ಸರಳಿಗೆ ತಗಲಿ ನಿಂತ್ಬಿಡ್ತು. ನಾಲ್ಕೈದು ಸಲ ಮಾಡಿ ನೋಡಿದೆ. ಅಕ್ಕ ಬಾಯಲ್ಲಿ ಹೇಳಿದ್ದು ಅಷ್ಟು ಹೊತ್ತು ತಲೆಗೆ ಹತ್ತಿರ್ಲಿಲ್ಲ, ಪೈಪ್ ಕೂತಾಗ ಹತ್ತಿತು. ಯಾರಾದ್ರೂ ಈ ಮಾಡೆಲ್ ಮಾಡೋದಾದ್ರೆ ಬೇರೆ ಏನು ಬಿಟ್ರೂ ಈ ಎರಡು ಸಂದಿನ ವ್ಯತ್ಯಾಸ ಬಿಡಬೇಡಿ, ಮಾರ್ಕೆಟ್ಟಲ್ಲಿ ಸಿಗೋ ಎಷ್ಟೋ ಮಾಡೆಲ್‌ನಲ್ಲಿ ಸಮ ಸಂದೇ ಇರುತ್ತೆ.

ಇಲ್ಲಿ ಒಂದು ವಿಷಯ ಒಪ್ಕೊಳ್ಳಬೇಕು. ನನ್ನ ಮೆಟ್ಟಿಲು ನೇರ ಕಡ್ಡಿ, ಹಾಗಾಗಿ ಅದು ನಡುವಿನ ಅಕ್ಷದಿಂದ ನಾಲ್ಕೂವರೆ ಸೆಂ.ಮೀ. ಪಕ್ಕಕ್ಕೆ ಹೋಗುತ್ತೆ. ನಿಜವಾದ್ರಲ್ಲಿ ಅಕ್ಷರದ ಜೋಡಿ ನಡುವಲ್ಲೇ ಕೂತಿರುತ್ತೆ, ಅಕ್ಷರವನ್ನ ಸರಳಿಗೆ ಸೇರಿಸೋ ಸಕ್ಕರೆ ಭಾಗ ಬಾಗಿ ಬಂದು ಹಿಡ್ಕೊಂಡಿರುತ್ತೆ. ನಾನು ಸಕ್ಕರೆ ಬೇರೆ ತೋರಿಸಿಲ್ಲ, ಸಕ್ಕರೆ ಫಾಸ್ಫೇಟ್ ಎರಡೂ ಸೇರಿ ಸರಳು ಅಷ್ಟೇ.

ಫೆಬ್ರವರಿ 8, ಎಡಮುರಿ

ಸರಳಿನ ಉದ್ದಕ್ಕೂ 7.14 ಸೆಂ.ಮೀ.ಗೆ ಒಂದರಂತೆ ಚಾಕ್‌ಪೀಸಲ್ಲಿ ಗುರುತು (71.4 ಭಾಗಿಸು 10), ಗುರುತಿಂದ ಗುರುತಿಗೆ 6 ಎಂಎಂ ಕಡ್ಡಿ, ಲೆವೆಲ್ ಇಟ್ಟು ನೋಡಿ ವೆಲ್ಡಿಂಗ್. ಎರಡೂವರೆ ಎಂಎಂ ರಾಡು, 70 ಆಂಪ್ಸ್. ಕೆಳಗಿಂದ ಒಂದೇ ಸಮ ಹಾಕ್ತಾ ಹೋಗಬೇಡಿ, ಎಳೆದು ವಾಲಿಬಿಡುತ್ತೆ, ಮೇಲೊಂದು ಕೆಳಗೊಂದು ಮಧ್ಯೊಂದು ಅಂತ ಹಾಕಬೇಕು. ಹದಿನಾಲ್ಕು ಮೆಟ್ಟಿಲು ಆಗಿತ್ತು, ಖುಷಿಯಲ್ಲಿ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ.

ಹತ್ತು ನಿಮಿಷ ಬಿಟ್ಟು ಫೋನ್ ಬಂತು. "ಒಂದು ಬೋಲ್ಟ್ ತಗೊಂಡು ಪಕ್ಕದಲ್ಲಿ ನೆಟ್ಟಗೆ ಹಿಡ್ದು ನೋಡು, ಅದ್ರ ಮರೆ, ಥ್ರೆಡ್ಡು, ಯಾವ ಕಡೆ ಏರುತ್ತೆ, ನಿನ್ನ ಸರಳು ಯಾವ ಕಡೆ ಏರುತ್ತೆ." ಹಿಡಿದು ನೋಡಿದೆ. ಬೋಲ್ಟಿನ ಮರೆ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಏರುತ್ತೆ. ನನ್ನ ಸರಳು ಬಲಗಡೆ ಕೆಳಗಿಂದ ಎಡಗಡೆ ಮೇಲಕ್ಕೆ. ಬೋಲ್ಟಿನ ಥರ ಏರಿದ್ರೆ ಬಲಮುರಿ, ಅದಕ್ಕೆ ಉಲ್ಟಾ ಏರಿದ್ರೆ ಎಡಮುರಿ, ಡಿಎನ್‌ಎ ಬಲಮುರಿ, ನಾನು ಮಾಡಿದ್ದು ಎಡಮುರಿ.

ನಂಬೋಕಾಗ್ಲಿಲ್ಲ. ತಲೆಕೆಳಗು ಮಾಡಿದ್ರೆ ಸರಿ ಆಗಬಹುದು ಅಂತ ಅಷ್ಟೂ ಭಾರ ಎತ್ತಿ ಉಲ್ಟಾ ನಿಲ್ಲಿಸಿದೆ, ಆಗಲೂ ಎಡಮುರಿನೇ. ಹಿಂದಿಂದ ನೋಡಿದೆ, ಎಡಮುರಿನೇ. ಸುರುಳಿಯನ್ನ ಹೇಗೆ ತಿರುಗಿಸಿದ್ರೂ ಅದ್ರ ಮುರಿ ಬದಲಾಗಲ್ಲ, ಬೋಲ್ಟನ್ನ ತಲೆಕೆಳಗು ಮಾಡಿದ್ರೆ ನಟ್ಟು ಬೇರೆ ಬೇಕಾಗುತ್ತಾ, ಇಲ್ಲವಲ್ಲ, ಇಪ್ಪತ್ತು ವರ್ಷದಿಂದ ನಟ್ಟು ಬೋಲ್ಟು ಹಿಡಿದ ಕೈಗೆ ಅದು ಆ ಹೊತ್ತಲ್ಲಿ ಹೊಳೀಲಿಲ್ಲ. ಕನ್ನಡಿಲಿ ಮಾತ್ರ ಸರಿ ಕಾಣುತ್ತೆ.

ಎಲ್ಲಿ ತಪ್ಪಾಯ್ತು ಅಂತ ಹುಡುಕಿದ್ರೆ ಆ ಪೇಪರ್ ತ್ರಿಕೋನ. ಕತ್ತರಿಸಿದ್ದು ಸರಿಯಾಗೇ ಇತ್ತು, ಪೈಪಿಗೆ ಸುತ್ತುವಾಗ ಒಳಮುಖ ಹೊರಗೆ ಹಾಕಿದ್ದೆ. ಓರೆ ಗೆರೆ ಉಲ್ಟಾ ಬಂತು, ಎರಡೂ ಸರಳನ್ನ ಅದೇ ಗೆರೆ ಮೇಲೆ ಬಗ್ಗಿಸಿದ್ದೆ.

ಡಿಎನ್‌ಎನಲ್ಲೂ ಒಂದು ಎಡಮುರಿ ಜಾತಿ ಇದೆಯಂತೆ, ಝಡ್-ಡಿಎನ್‌ಎ ಅಂತ, 1979ರಲ್ಲಿ ಕಂಡಿದ್ದು. ಹಾಗಾದ್ರೆ ಇದನ್ನೇ ಅದು ಅಂದ್ಬಿಡೋಣ್ವಾ ಅಂದೆ. ಅಕ್ಕ ಒಪ್ಪಲಿಲ್ಲ, ಅದಕ್ಕೆ ಸುತ್ತಿಗೆ 12 ಮೆಟ್ಟಿಲು, ಸುತ್ತಿನ ಎತ್ತರ 45ರ ಹತ್ರ, ಅಗಲ 18, ಯಾವ ಅಳತೆನೂ ನಿಂದಕ್ಕೆ ಹೊಂದಲ್ಲ, ಮಕ್ಕಳಿಗೆ ತಪ್ಪು ತೋರಿಸೋದು ಬೇಡ ಅಂದ್ಲು. ಅವಳು ಹೇಳಿದ್ದು ಸರಿ. ಮಾರನೇ ದಿನ ಗ್ರೈಂಡರ್ ಹಿಡಿದು ಹದಿನಾಲ್ಕೂ ಮೆಟ್ಟಿಲು ಕತ್ತರಿಸಿದೆ. ಸರಳನ್ನ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸೋಣ ಅಂತ ನೋಡಿದೆ, ಒಂದು ಸಲ ಬಗ್ಗಿದ ಸರಳು ಎಲ್ಲಿ ಗಟ್ಟಿ ಆಗಿರುತ್ತೋ ಅಲ್ಲಿ ಬಗ್ಗದೇ ಬೇರೆ ಕಡೆ ಬಗ್ಗಿ ಹಾವಿನ ಥರ ಆಗುತ್ತೆ, ಆಗಲ್ಲ. ಹೊಸ ಸರಳೇ ತಂದೆ.

ಈ ಸಲ ಪೈಪಿನ ಮೇಲೆ ಗೆರೆ ಎಳೆದ ಮೇಲೆ ಪಕ್ಕದಲ್ಲಿ ಬೋಲ್ಟ್ ಹಿಡಿದು ನೋಡಿ, ಆಮೇಲೆ ಸರಳು ಮುಟ್ಟಿದೆ. ಫೆಬ್ರವರಿ 15ಕ್ಕೆ ಎರಡೂ ಸರಳು, 17ಕ್ಕೆ 51 ಮೆಟ್ಟಿಲು ಮುಗೀತು.

ಫೆಬ್ರವರಿ 18, ಅಕ್ಷರಗಳು

ಪ್ರತಿ ಮೆಟ್ಟಿಲಿಗೆ ಎರಡು ಅಕ್ಷರ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಎ ಮತ್ತು ಜಿ ಉದ್ದ, ಅವಕ್ಕೆ ಎರಡು ಉಂಗುರದ ರಚನೆ. ಟಿ ಮತ್ತು ಸಿ ಗಿಡ್ಡ, ಒಂದೇ ಉಂಗುರ. ಮುಕ್ಕಾಲಿಂಚು ವೈರಿಂಗ್ ಪೈಪ್ ತಗೊಂಡು ಉದ್ದದ್ದು 9 ಸೆಂ.ಮೀ., ಗಿಡ್ಡದ್ದು 5 ಸೆಂ.ಮೀ., ನಡುವೆ 3 ಸೆಂ.ಮೀ. ಖಾಲಿ ಅಂತ ಲೆಕ್ಕ ಹಾಕ್ದೆ. ಆ 3 ಸೆಂ.ಮೀ. ಜಾಗದಲ್ಲೇ ಎರಡು ಅಕ್ಷರನ ಹಿಡಿದಿಡೋ ಹೈಡ್ರೋಜನ್ ಬಾಂಡು, ಅದ್ರ ಉದ್ದ ನಿಜಕ್ಕೂ 3 ಆಂಗ್‌ಸ್ಟ್ರಾಂ ಹತ್ರಾನೇ. ಎ-ಟಿಗೆ ಎರಡು ಬಾಂಡು, ಜಿ-ಸಿಗೆ ಮೂರು, ಹಳೇ ಮೋಟರಿನ ತಾಮ್ರದ ತಂತಿ ಬಿಚ್ಚಿ ಎರಡೋ ಮೂರೋ ಉಂಗುರ ಸುತ್ತಿದೆ. 9 ಮತ್ತು 5 ಮಾತ್ರ ನನ್ನ ಅಂದಾಜಿನ ಹೊಂದಾಣಿಕೆ, ಸ್ಕೇಲ್ ಅಲ್ಲ.

ಇದ್ರಲ್ಲಿ ಮೊದಲು ಮಾಡಿದ ತಪ್ಪು: ಎಡಮುರಿ ಮಾಡೆಲ್‌ನಲ್ಲಿ ಮೊದಲ ನಾಲ್ಕು ಕಡ್ಡಿಗೆ ಪೈಪ್ ಪೋಣಿಸಿ ಆಮೇಲೆ ವೆಲ್ಡ್ ಮಾಡಿದ್ದೆ, ತುದಿ ಕರಗಿ ಕಪ್ಪಾಗಿ ಕೆಟ್ಟ ಹೊಗೆ ಬಂತು. ಪಿವಿಸಿ ಹೊಗೆ ಒಳ್ಳೇದಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಸರಿಯಾದ ದಾರಿ ಏನಂದ್ರೆ ಮೊದಲು ಎಲ್ಲಾ ವೆಲ್ಡಿಂಗ್ ಮುಗಿಸಿ, ಕಡ್ಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ದಪ್ಪ ಮಾಡಿ, ಪೈಪಿನ ತುಂಡನ್ನ ಉದ್ದಕ್ಕೆ ಸೀಳಿ, ಕುದಿಯೋ ನೀರಲ್ಲಿ ಒಂದರ್ಧ ನಿಮಿಷ ಅದ್ದಿದ್ರೆ ಮೆತ್ತಗಾಗುತ್ತೆ, ಆಗ ಬಾಯಿ ಅಗಲಿಸಿ ಕಡ್ಡಿ ಮೇಲೆ ಕೂರಿಸಿ ಒದ್ದೆ ಬಟ್ಟೆ ಒತ್ತಿದ್ರೆ ತಣ್ಣಗಾಗಿ ಹಿಡ್ಕೊಳ್ಳುತ್ತೆ. ಕೈಗೆ ಗ್ಲೌಸ್ ಇರಲಿ.

ಯಾವ ಅಕ್ಷರ ಯಾವ ಸಾಲಲ್ಲಿ ಅಂತ ಕೇಳಿದ್ದಕ್ಕೆ ಅಕ್ಕ ಮನುಷ್ಯರ ಇನ್ಸುಲಿನ್ ಜೀನಿಂದ ಒಂದು ತುಂಡು ಬರ್ಕೊಟ್ಲು, ಇನ್ಸುಲಿನ್ನಿನ ಎರಡು ಸರಪಳಿಲಿ ಒಂದಾದ ಬಿ ಸರಪಳಿ ಶುರುವಾಗೋ ಜಾಗ. ಟಿಟಿಟಿ ಜಿಟಿಜಿ ಎಎಸಿ ಸಿಎಎ ಸಿಎಸಿ ಸಿಟಿಜಿ ಟಿಜಿಸಿ ಜಿಜಿಸಿ ಟಿಸಿಎ ಸಿಎಸಿ ಸಿಟಿಜಿ ಜಿಟಿಜಿ ಜಿಎಎ ಜಿಸಿಟಿ ಸಿಟಿಸಿ ಟಿಎಸಿ ಸಿಟಿಎ. ಲೆಕ್ಕ ಮಾಡಿ, 51 ಇದೆ. ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಸಿಡ್ (ಪ್ರೋಟೀನಿನ ಒಂದೊಂದು ಕೊಂಡಿ), ಅಂದ್ರೆ ನನ್ನಷ್ಟೆತ್ತರದ ಈ ಏಣಿ ಹದಿನೇಳು ಅಮೈನೋ ಆಸಿಡ್ ಹೇಳುತ್ತೆ ಅಷ್ಟೇ. ಪೂರ್ತಿ ಇನ್ಸುಲಿನ್ ಸಣ್ಣ ಪ್ರೋಟೀನು, ಬರೀ 51 ಅಮೈನೋ ಆಸಿಡ್, ಅದಕ್ಕೂ 153 ಮೆಟ್ಟಿಲು, ಐದು ಮೀಟರ್ ಮೇಲೆ ಎತ್ತರ ಬೇಕು. ನಮ್ಮಪ್ಪ ಹದಿನಾರು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ತಿದಾರೆ, ಫ್ರಿಜ್ಜಲ್ಲಿರೋ ಆ ಸಣ್ಣ ಬಾಟಲಿಯಲ್ಲಿರೋದನ್ನ ಅಕ್ಷರ ಅಕ್ಷರವಾಗಿ ಪೈಪಲ್ಲಿ ಜೋಡಿಸ್ತಾ ಇದೀನಿ ಅನ್ನೋದು ಮನಸ್ಸಿಗೆ ಬಂದಾಗ ಕೆಲಸ ನಿಧಾನ ಆಯ್ತು, ಸರಿಯಾಗೇ ಮಾಡಬೇಕು ಅನ್ನಿಸ್ತು.

ಲೆಕ್ಕ: ಎ-ಟಿ ಜೋಡಿ 24, ಜಿ-ಸಿ ಜೋಡಿ 27. ಎ ಹಸಿರು, ಟಿ ಕೆಂಪು, ಜಿ ಹಳದಿ, ಸಿ ನೀಲಿ. ಎ 24, ಟಿ 24, ಜಿ 27, ಸಿ 27, ಇರ್ಲಿ ಅಂತ ಎಲ್ಲದ್ರಲ್ಲೂ ಎರಡೆರಡು ಎಕ್ಸ್‌ಟ್ರಾ. ತಾಮ್ರದ ಉಂಗುರ ಒಟ್ಟು 129.

ಫೆಬ್ರವರಿ 20ರ ರಾತ್ರಿ, ಹನ್ನೊಂದು ಗಂಟೆ ಇರಬೇಕು, ಒಂದು ಮೆಟ್ಟಿಲು ಕೂರ್ತಾನೇ ಇಲ್ಲ. ಹಸಿರು ಹಾಕಿದೀನಿ, ಎದುರಿಗೆ ಹಳದಿ ಹಿಡಿದ್ರೆ ಒಂದು ಸೆಂ.ಮೀ. ಹೊರಗೆ ಬರ್ತಿದೆ. ಪೈಪ್ ಉದ್ದ ಕತ್ತರಿಸಿದೀನೇನೋ ಅಂತ ಉಜ್ಜೋಕೆ ಅರ ಕೈಗೆ ತಗೊಂಡೆ. ಆಮೇಲೆ ಹೊಳೀತು, ಎ ಎದುರಿಗೆ ಜಿ ಹಾಕ್ತಿದೀನಿ. 9 ಕೂಡು 9, 18, ಜಾಗ ಇರೋದು 17. ಬೇಕಂತಲೇ ಕೆಂಪು ನೀಲಿ ಹಿಡಿದು ನೋಡಿದೆ, 5 ಕೂಡು 5, ನಡುವೆ ಏಳು ಸೆಂ.ಮೀ. ಖಾಲಿ, ಬಾಂಡು ಮುಟ್ಟೋದೇ ಇಲ್ಲ. ಉದ್ದಕ್ಕೆ ಗಿಡ್ಡವೇ ಜೋಡಿ ಆದ್ರೆ ಮಾತ್ರ ಎರಡು ಸರಳು ಕೆಳಗಿಂದ ಮೇಲಿನ ತನಕ ಒಂದೇ ಅಂತರದಲ್ಲಿ ಇರೋಕೆ ಸಾಧ್ಯ. ಅರ ವಾಪಸ್ ಇಟ್ಟು, ಲೈಟ್ ಆರಿಸದೆ ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ.

ಸರಳಿನ ದಿಕ್ಕು ತೋರಿಸೋಕೆ ಬರೆದ ಬಾಣದ ಗುರುತಲ್ಲೂ ಒಂದು ಸಲ ತಪ್ಪಾಯ್ತು. ಎರಡು ಸರಳು ಒಂದಕ್ಕೊಂದು ವಿರುದ್ಧ ದಿಕ್ಕಲ್ಲಿ ಓಡ್ತವೆ, ಒಂದ್ರ ಬಾಣ ಮೇಲಕ್ಕೆ ಇದ್ರೆ ಇನ್ನೊಂದ್ರದ್ದು ಕೆಳಕ್ಕೆ. ನಾನು ಎರಡಕ್ಕೂ ಮೇಲಕ್ಕೇ ಬರೆದಿದ್ದೆ, ಒಣಗಿದ ಮೇಲೆ ಉಜ್ಜಿ ಮತ್ತೆ ಬಳಿದೆ.

ಫೆಬ್ರವರಿ 22ರಿಂದ 27, ಅದೇ ಅಳತೆಯಲ್ಲಿ ಉಳಿದವು

ಡಿಎನ್‌ಎ ಒಂದೇ ನಿಲ್ಲಿಸಿದ್ರೆ ಅದು ಎಷ್ಟು ದೊಡ್ಡದು ಯಾರಿಗೂ ಗೊತ್ತಾಗಲ್ಲ, ಪಕ್ಕದಲ್ಲಿ ಬೇರೇನಾದ್ರೂ ಬೇಕು ಅಂತ ನಂಗೇ ಅನ್ನಿಸ್ತು. ಒಂದು ಆಂಗ್‌ಸ್ಟ್ರಾಂಗೆ ಒಂದು ಸೆಂ.ಮೀ. ಅನ್ನೋ ಲೆಕ್ಕದಲ್ಲೇ ಉಳಿದವನ್ನೂ ಜೋಡಿಸಿದ್ವಿ. ನೀರಿನ ಒಂದು ಕಣ ಅಂದ್ರೆ ಸಣ್ಣ ನಿಂಬೆಹಣ್ಣು, ಮೂರು ಸೆಂ.ಮೀ.ಗೆ ಸ್ವಲ್ಪ ಕಮ್ಮಿ. ರಕ್ತದಲ್ಲಿರೋ ಹಿಮೋಗ್ಲೋಬಿನ್‌ಗೆ 55 ಸೆಂ.ಮೀ. ಯೋಗ ಬಾಲ್, ಅದು 574 ಅಮೈನೋ ಆಸಿಡ್ ಸೇರಿ ಆಗಿರೋದು, ಅಷ್ಟು ದೊಡ್ಡ ಚೆಂಡು ಹೊರೋದು ನಾಲ್ಕೇ ನಾಲ್ಕು ಆಕ್ಸಿಜನ್, ಅಂದ್ರೆ ನಾಲ್ಕು ನಿಂಬೆಹಣ್ಣಿನಷ್ಟು. ಪ್ರೋಟೀನ್ ಕಟ್ಟೋ ರೈಬೋಸೋಮ್ ಎರಡು ಮೀಟರ್ ಮೇಲೆ, ಗೋಡೆ ಮೇಲೆ ಚಾಕಲ್ಲಿ ಸುತ್ತು ಬರೆದ್ವಿ. ಜೀವಕೋಶದ ಸುತ್ತ ಇರೋ ಕೊಬ್ಬಿನ ಪೊರೆ 40-50 ಸೆಂ.ಮೀ., ನಮ್ಮ ಹಳೇ ಮನೆ ಮಣ್ಣಿನ ಗೋಡೆ ದಪ್ಪ.

ಹಿಟ್ಟಿನ ಅಂಶ, ಪಿಷ್ಟ ಅಂತೀವಲ್ಲ, ಅದ್ರಲ್ಲಿರೋ ಅಮೈಲೋಸೂ ಸುರುಳಿನೇ, ಗ್ಲೂಕೋಸ್ ಕಣಗಳು ಸಾಲಾಗಿ ಸೇರಿ ಆಗೋದು, ಅಯೋಡಿನ್ ಜೊತೆಗಿದ್ದಾಗ ಸುತ್ತಿಗೆ ಆರು ಗ್ಲೂಕೋಸ್, 8 ಎತ್ತರ, 13 ಅಗಲ. ಮತ್ತೆ ಅದು ಎಡಮುರಿ! ಉಳಿದಿದ್ದ 2 ಮೀಟರ್ ಸರಳಿನ ತುಂಡು ತಗೊಂಡು ನಾಲ್ಕಿಂಚು ಪೈಪಿನ ಮೇಲೆ ಈ ಸಲ ಬೇಕಂತಲೇ ಎಡಮುರಿಯಾಗಿ ಬಗ್ಗಿಸಿದೆ, ಐದು ಸುತ್ತಿಗೆ ಸ್ವಲ್ಪ ಕಮ್ಮಿ ಬಂತು. ಸುರುಳಿ ಒಳಗಿನ ಟೊಳ್ಳಲ್ಲಿ ಅಯೋಡಿನ್ ಸಾಲಾಗಿ ಕೂರೋದ್ರಿಂದ್ಲೇ ಆ ಕಡುನೀಲಿ ಬಣ್ಣ. ಪಕ್ಕದಲ್ಲಿ ತಟ್ಟೆಲಿ ಅವಲಕ್ಕಿ ಇಟ್ಟು ಮಕ್ಕಳ ಕೈಲಿ ಅಯೋಡಿನ್ ಹನಿ ಹಾಕಿಸಿದ್ರು ಅಕ್ಕ.

ಕೊಲಾಜನ್ ಕಷ್ಟ ಆಯ್ತು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜು ಇವೆಲ್ಲ ಹಿಡಿದಿಟ್ಟಿರೋ ಪ್ರೋಟೀನು, 3000 ಆಂಗ್‌ಸ್ಟ್ರಾಂ ಉದ್ದ, 15 ದಪ್ಪ. ಅಂದ್ರೆ 30 ಮೀಟರ್! ಆಟದ ಮೈದಾನದಲ್ಲಿ ಕಬಡ್ಡಿ ಅಂಕಣಕ್ಕೆ ಹಾಕೋ ಹಾಗೆ ಸುಣ್ಣದ ಗೆರೆ ಹಾಕಿದ್ವಿ, ಕೈಲಿ ಹಿಡಿಯೋಕೆ ಮೂರೆಳೆ ತೆಂಗಿನ ನಾರಿನ ಹಗ್ಗ ಕೊಟ್ವಿ. ಮೂರು ಎಳೆ ಹೆಣೆದಿರೋ ಈ ರಚನೆ 1954-55ರಲ್ಲಿ ಮದ್ರಾಸಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಕಂಡುಹಿಡಿದಿದ್ದು, ರಾಮಚಂದ್ರನ್ ಬೆಂಗಳೂರಿನ ಐಐಎಸ್‌ಸಿ ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಸಿ.ವಿ. ರಾಮನ್ ಹತ್ರಾನೇ ಓದಿದವರು. ಹಗ್ಗ ಬಿಚ್ಚಿ ನೋಡಿದ್ರೆ ಹಗ್ಗ ಪೂರ್ತಿ ಬಲಮುರಿ, ಒಂದೊಂದು ಎಳೆ ಬಿಡಿಯಾಗಿ ನೋಡಿದ್ರೆ ಎಡಮುರಿ. ಕೊಲಾಜನ್ನೂ ಹಾಗೇ, ಒಂದೊಂದು ಎಳೆ ಎಡಮುರಿ, ಮೂರೂ ಸೇರಿ ಸುತ್ತಿಕೊಳ್ಳೋದು ಬಲಮುರಿ. ನಮ್ಮ ತಾತ ಹಗ್ಗ ಹೊಸೆಯುವಾಗ ಎಳೆನ ಒಂದು ಕಡೆ ತಿರುಚಿ, ಮೂರನ್ನೂ ಸೇರಿಸುವಾಗ ಉಲ್ಟಾ ತಿರುಚ್ತಿದ್ರು, ಒಂದೇ ಕಡೆ ತಿರುಚಿದ್ರೆ ಕೈ ಬಿಟ್ಟ ತಕ್ಷಣ ಬಿಚ್ಚಿಹೋಗುತ್ತೆ ಅಂತಿದ್ರು.

ಉದ್ದದ ಲೆಕ್ಕ ಒಂದು ಬೋರ್ಡಲ್ಲಿ ಬರೆದಿಟ್ಟೆ. ನಮ್ಮ ಕರುಳಲ್ಲಿರೋ ಇ. ಕೋಲಿ ಬ್ಯಾಕ್ಟೀರಿಯಾಗೆ ಸುಮಾರು 46 ಲಕ್ಷ ಜೋಡಿ, ಈ ಏಣಿಯಲ್ಲಿ ಮಾಡಿದ್ರೆ 156 ಕಿ.ಮೀ., ಬೆಂಗಳೂರಿಂದ ಹೊರಟ್ರೆ ಮೈಸೂರು ದಾಟುತ್ತೆ. ಅದನ್ನ ತುಂಬಿಡೋ ಬ್ಯಾಕ್ಟೀರಿಯಾ ಈ ಅಳತೆಗೆ ಬರೀ 200 ಮೀಟರ್ ಉದ್ದ. ಮನುಷ್ಯರ ಒಂದು ಜೀವಕೋಶದ ಡಿಎನ್‌ಎ ಈ ಏಣಿಯಲ್ಲಿ ಎರಡು ಲಕ್ಷ ಕಿ.ಮೀ., ಅದೆಲ್ಲ ಆರುನೂರು ಮೀಟರ್ ಅಗಲದ ಒಂದು ಚೆಂಡಿನೊಳಗೆ (ಜೀವಕೋಶದ ನ್ಯೂಕ್ಲಿಯಸ್), ಗಂಟು ಬೀಳದೆ.

ಖರ್ಚು

8 ಎಂಎಂ ರೌಂಡ್ 20 ಅಡಿದು ಐದು 855, 6 ಎಂಎಂ ಎರಡು 190, ಬುಡದ ಪ್ಲೇಟು 400, ವೈರಿಂಗ್ ಪೈಪು ನಾಲ್ಕು 240, ಪ್ರೈಮರ್ ಮತ್ತೆ ಬಣ್ಣ 620, ವೆಲ್ಡಿಂಗ್ ರಾಡು 250, ಕಟಿಂಗ್ ವೀಲು 180, ಲಗೇಜ್ ಆಟೋ 600. ಒಟ್ಟು 3335 ರೂಪಾಯಿ. ತಪ್ಪು ಮಾಡದೇ ಇದ್ದಿದ್ರೆ 8 ಎಂಎಂ ಎರಡೇ ಸಾಕಿತ್ತು, ಐನೂರು ಉಳೀತಿತ್ತು. ಕೂಲಿ ಲೆಕ್ಕ ಹಾಕಿಲ್ಲ.

ಫೆಬ್ರವರಿ 28 ಮತ್ತು ಆಮೇಲೆ

ಲಗೇಜ್ ಆಟೋದಲ್ಲಿ ಮಲಗಿಸಿ ತಗೊಂಡು ಹೋದ್ವಿ, ಎರಡು ಕಡೆ ಬಣ್ಣ ಕಿತ್ತಿತು, ಅಷ್ಟೇ. ಮಕ್ಕಳು ಡ್ರೈನೇಜ್ ಪೈಪ್ ತಗೊಂಡು ಅಗಲ ಸಂದಿಗೆ ಹಾಕಿ ತೆಗೆದು ಮಾಡ್ತಾನೇ ಇದ್ರು.

ಮಧ್ಯಾಹ್ನ ಒಂಬತ್ತನೇ ಕ್ಲಾಸಿನ ಹುಡುಗಿ ಬಂದು "ಅಣ್ಣಾ, ಇಲ್ಲಿ ಹಸಿರಿದೆ, ಆದ್ರೆ ಮೂರು ಉಂಗುರ ಇದೆ, ಎದುರಿಗೆ ನೀಲಿ ಇದೆ" ಅಂದ್ಲು. ಕೆಳಗಿಂದ ಎಣಿಸಿದ್ರೆ 33ನೇ ಮೆಟ್ಟಿಲು. ಜಿ ಇರಬೇಕಾದ ಕಡೆ ಎ ಹಾಕಿದೀನಿ. ಎ ಎದುರಿಗೆ ಸಿ ಬಂದ್ರೆ ಉದ್ದಕ್ಕೆ ಗಿಡ್ಡವೇ ಆಗೋದ್ರಿಂದ ಅಳತೆಲಿ ಸರಿಯಾಗಿ ಕೂತುಬಿಡುತ್ತೆ, ಹಾಗಾಗಿ ನನ್ನ ಕೈಗೆ ಗೊತ್ತಾಗಿಲ್ಲ, ಉಂಗುರ ಎಣಿಸಿದೋಳಿಗೆ ಗೊತ್ತಾಯ್ತು. ಎಕ್ಸ್‌ಟ್ರಾ ಮಾಡಿದ್ದೇ ಅದಕ್ಕೆ ಕಾರಣ, ಕೊನೇಲಿ ಹಸಿರು ಒಂದೇ ಉಳಿದು ಹಳದಿ ಮೂರು ಉಳಿದಿತ್ತು, ನಾನು ಎಣಿಸಿರಲಿಲ್ಲ.

ಅಕ್ಕ ಆ ಹುಡುಗಿಯನ್ನೇ ಕೂರಿಸ್ಕೊಂಡು, ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಸಿಡ್ ಅನ್ನೋ ಚಾರ್ಟ್ ತೆಗೆದು ನೋಡಿಸಿದ್ಲು. ಅಲ್ಲಿ ಸಿಟಿಜಿ ಇರಬೇಕಿತ್ತು, ನಾನು ಸಿಟಿಎ ಮಾಡಿದ್ದೆ. ಸಿಟಿಜಿ ಅಂದ್ರೂ ಲ್ಯೂಸಿನ್ ಅನ್ನೋ ಅಮೈನೋ ಆಸಿಡ್, ಸಿಟಿಎ ಅಂದ್ರೂ ಲ್ಯೂಸಿನ್, ನಮ್ಮ ಏಣಿಯ ಕೊನೇ ಮೂರು ಮೆಟ್ಟಿಲೂ ಸಿಟಿಎನೇ. ಜೀವಕೋಶದಲ್ಲಿ ಹೀಗಾಗಿ, ರಿಪೇರಿ ಆಗದೇ ಉಳಿದು ಕಾಪಿ ಆದ್ರೂ ಇನ್ಸುಲಿನ್ ಅದೇ ಇನ್ಸುಲಿನ್ ಆಗಿರುತ್ತೆ. ಎಲ್ಲಾ ಸಲ ಹೀಗಾಗಲ್ಲ, ಕುಡಗೋಲು ಕಣದ ರಕ್ತಹೀನತೆಯಲ್ಲಿ (ಸಿಕಲ್ ಸೆಲ್ ಕಾಯಿಲೆ) ಬದಲಾಗಿರೋದೂ ಒಂದೇ ಅಕ್ಷರ, ಎ ಇರೋ ಕಡೆ ಟಿ, ಅಲ್ಲಿ ಪ್ರೋಟೀನೇ ಬದಲಾಗಿ ರಕ್ತಕಣದ ಆಕಾರ ಕೆಡುತ್ತೆ ಅಂತ ಅಕ್ಕ ಹೇಳ್ತಿದ್ಲು, ಹುಡುಗಿ ಬರ್ಕೊಳ್ತಿದ್ಲು, ನಾನೂ ಕೇಳಿಸ್ಕೊಂಡೆ.

ಮಾರ್ಚ್ 2, ಸೋಮವಾರ ಬೆಳಿಗ್ಗೆ ಫ್ಲಾಸ್ಕಲ್ಲಿ ಕುದಿಯೋ ನೀರು, ಒಂದು ಹಳದಿ ತುಂಡು, ಗ್ಲೌಸು ತಗೊಂಡು ಸ್ಕೂಲಿಗೆ ಹೋದೆ. ಬಿಸಿನೀರು ಸುರಿದು ಹಸಿರನ್ನ ಬಿಡಿಸಿ ಹಳದಿ ಕೂರಿಸಿದೆ, ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದು ಆ ಹುಡುಗಿನೇ. ಬಿಡಿಸಿದ ಹಸಿರು ತುಂಡನ್ನ ಇಟ್ಕೊಳ್ಲಾ ಅಂತ ಕೇಳಿದ್ಲು, ಕೊಟ್ಟೆ.

ಬುಡ ಇನ್ನೂ ಸ್ವಲ್ಪ ಅಲ್ಲಾಡುತ್ತೆ, ನಾಲ್ಕು ಮೂಲೆಗೆ ರಬ್ಬರ್ ಬುಷ್ ಹಾಕೋದು ಬಾಕಿ ಇದೆ.